ಆ ಕಿರುಬೆರಳನ್ನು ಯಾಕೆ ಬಿಟ್ಟಿರಿ?

ನಮಸ್ಕಾರ. ಊರೂರು ಸುತ್ತಿ ಪ್ರವಚನ ಮಾಡಿದ ಕ್ರೈಸ್ತ ಸಂತ ವಿನ್ಸೆಂಟ್ ಫೆರರ್ ಬಗ್ಗೆ ನೀವು ಕಳಿಸಿದ 22 ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ.

ನಿಮ್ಮ ಮೊದಲ ವಾಕ್ಯ: ‘1350ರಲ್ಲಿ ಸ್ಪೇನಿನ ವೆಲೆನ್ಸಿಯಾ ನಗರದಲ್ಲಿ ಜನಿಸಿದ ಈ ಮಹಾನ್ ಚೇತನವು ಬಾಲ್ಯದಿಂದಲೇ ಭಕ್ತಿಯ ಗಣಿಯಾಗಿತ್ತು.’ ಊರು, ಇಸವಿ ಬದಲಿಸಿದರೆ ಇದು ಯಾವ ಸಂತರಿಗಾದರೂ ಹೊಂದುತ್ತದೆ, ಅಲ್ವಾ? ಆದರೆ 11ನೇ ಪುಟದಲ್ಲಿ ಇನ್ನೊಂದು ಮಾತಿದೆ. ಮಂಗಳೂರಿನ ಕಂಕನಾಡಿ ಹತ್ತಿರದ ವೆಲೆನ್ಸಿಯಾದಲ್ಲಿ ದಿನಾ ಬಸ್ ಇಳಿಯುತ್ತಿದ್ದಿರಂತೆ. ಅಲ್ಲಿನ ಇಗರ್ಜಿಯ ಸಂತ ಇದೇ ಫೆರರ್, ಅವರು ಹುಟ್ಟಿದ ಊರೂ ವೆಲೆನ್ಸಿಯಾ ಅಂತ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. ಇದನ್ನು ಯಾಕೆ ಅಡಗಿಸಿಟ್ಟಿರಿ? ಆ ಬಸ್‌ಸ್ಟಾಪಿನಿಂದಲೇ ಶುರು ಮಾಡಿ.

ಪವಾಡಗಳು ಜಾಸ್ತಿಯಾದವು. ಎಣಿಸಿದೆ, 14 ಇವೆ. ಎಲ್ಲವೂ ‘ಜನರು ಬೆರಗಾದರು’ ಎಂದೇ ಮುಗಿಯುತ್ತವೆ. ಒಂದನ್ನು ಮಾತ್ರ ಇಟ್ಟುಕೊಳ್ಳಿ, ಸ್ಪೇನಿನ ಮೊರೆಲ್ಲಾ ಊರಿನದು. ಸಂತ ಊಟಕ್ಕೆ ಬರುತ್ತಾರೆಂದು ತಲೆಕೆಟ್ಟ ತಾಯಿಯೊಬ್ಬಳು ಮಗುವನ್ನೇ ಅಡುಗೆ ಮಾಡುತ್ತಾಳೆ, ಸಂತ ಮಗುವನ್ನು ಬದುಕಿಸುತ್ತಾರೆ. ನಮಗೆ ಸಿರಿಯಾಳನ ಕಥೆ ನೆನಪಾಗದೆ ಇರುತ್ತದೆಯೇ? ಆದರೆ ಈ ಕಥೆಯ ಜೀವ ಇರುವುದು ನೀವು ಬಿಟ್ಟ ವಿವರದಲ್ಲಿ. ಎದ್ದು ಬಂದ ಮಗುವಿಗೆ ಒಂದು ಕಿರುಬೆರಳಿಲ್ಲ. ಉಪ್ಪು ಸರಿಯಾಗಿದೆಯೇ ಅಂತ ತಾಯಿ ರುಚಿ ನೋಡಿದ್ದಳಂತೆ. ದಂತಕಥೆಯೇ ಇರಲಿ, ಕೇಳಿದವರು ಮರೆಯುವುದಿಲ್ಲ.

ಇನ್ನು ದೊಡ್ಡ ತಕರಾರು. 1378ರಿಂದ ಚರ್ಚು ಒಡೆದು ಒಬ್ಬ ಪೋಪ್ ರೋಮಿನಲ್ಲಿ, ಇನ್ನೊಬ್ಬ ಈಗಿನ ಫ್ರಾನ್ಸಿನ ಅವಿನ್ಯೋನಿನಲ್ಲಿ. 1409ರ ಹೊತ್ತಿಗೆ ಮೂವರು. ಫೆರರ್ ಅವಿನ್ಯೋನಿನ ಕಡೆಯವರು. ಅಲ್ಲಿನ ಪೋಪ್ 13ನೇ ಬೆನೆಡಿಕ್ಟ್ ಪಾಪನಿವೇದನೆ ಮಾಡುತ್ತಿದ್ದದ್ದು ಇವರ ಮುಂದೆ. 1399ರಲ್ಲಿ ಆಸ್ಥಾನ ಬಿಟ್ಟು ಊರೂರು ಸುತ್ತುತ್ತಾ ಪ್ರವಚನಕ್ಕೆ ಹೊರಟ ಮೇಲೂ ಇವರಿಗೆ ಅವರೇ ಪೋಪ್. ಈ ಒಡಕು ಮುಗಿಯಲಿ ಅಂತ ಎಷ್ಟು ಹೇಳಿದರೂ ಬೆನೆಡಿಕ್ಟ್ ಪಟ್ಟ ಬಿಡಲಿಲ್ಲ. ಕೊನೆಗೆ 1416ರ ಜನವರಿ 6ರಂದು ಪೆರ್ಪಿನ್ಯಾನ್ ಊರಿನಲ್ಲಿ, ಸ್ಪೇನಿನ ಅರಗಾನ್ ರಾಜ್ಯದ ರಾಜ ಇನ್ನು ಈ ಪೋಪನ ಮಾತು ಕೇಳುವುದಿಲ್ಲ ಎಂದು ಜನರೆದುರು ನಿಂತು ಸಾರಿದ್ದು ಇದೇ ಫೆರರ್. ಆಗ ಅವರಿಗೆ 65 ದಾಟಿತ್ತು. ಒಂದು ಕಾಲಕ್ಕೆ ಯಾರ ಗುಟ್ಟು ಕೇಳಿದ್ದರೋ ಅವರನ್ನೇ ಕೈಬಿಡುವುದು! ನೀವು ಇದಕ್ಕೆ ಕೊಟ್ಟಿರುವುದು ಒಂದೂವರೆ ಸಾಲು. ನಿಮ್ಮ ಲೇಖನ ಇರುವುದೇ ಇಲ್ಲಿ.

ಯಹೂದಿಗಳ ವಿಷಯವನ್ನು ನೀವು ‘ಸಾವಿರಾರು ಮಂದಿ ಮನಃಪರಿವರ್ತನೆ ಹೊಂದಿದರು’ ಎಂದು ಮುಗಿಸಿದ್ದೀರಿ. ಅಷ್ಟು ಸಲೀಸಲ್ಲ. 1391ರಲ್ಲಿ ಸ್ಪೇನಿನಲ್ಲಿ ನಡೆದ ಯಹೂದಿಗಳ ಹತ್ಯೆಗಳಲ್ಲಿ ಜೀವಭಯಕ್ಕೆ ಮತ ಬದಲಿಸಿದವರು ಬಹಳ ಜನ. ಫೆರರ್ ಕೊಲೆಯನ್ನು ಒಪ್ಪಿದವರಲ್ಲ, ನಿಜ. ಆದರೆ 1412ರಲ್ಲಿ ಸ್ಪೇನಿನ ಕ್ಯಾಸ್ಟೀಲ್ ರಾಜ್ಯ ಯಹೂದಿಗಳು ಬೇರೆ ಕೇರಿಯಲ್ಲಿ ಇರಬೇಕು, ಗುರುತಾಗುವ ಬಟ್ಟೆ ಹಾಕಬೇಕು ಎಂದು ಕಾನೂನು ತಂದಾಗ ಅದರ ಹಿಂದೆ ಇವರ ಒತ್ತಾಸೆಯೂ ಇತ್ತು. ಇದನ್ನು ಬರೆದರೆ ಭಕ್ತರಿಗೆ ನೋವಾಗುತ್ತದೆ ಅಂತ ಹೆದರಿದಿರಾ? ಓದುಗರು ನೀವು ಅಂದುಕೊಂಡಷ್ಟು ಮೆತ್ತಗಿಲ್ಲ.

ಭಾಷೆಯ ಬಗ್ಗೆ ಒಂದೇ ಮಾತು. ಅವರ ಪ್ರವಚನಗಳನ್ನು ಕೇಳುತ್ತಲೇ ಬರೆದುಕೊಂಡವರಿದ್ದರು, ಹಾಗಾಗಿ ಎಷ್ಟೋ ಉಳಿದಿವೆ. ಊರಿನ ಆಡುಮಾತು, ನಡುನಡುವೆ ಸಂಭಾಷಣೆ, ಬಾಯಲ್ಲೇ ಮಾಡುವ ಸದ್ದು. ಇಂಥವರ ಬಗ್ಗೆ ‘ವಾಗ್ಝರಿ’, ‘ದಿವ್ಯವಾಣಿ’ ಅಂತ ಬರೆದರೆ ಹೇಗೆ? ಕಾಲುನೋವಿನಿಂದ ಕತ್ತೆ ಹತ್ತಿ ಊರಿಗೆ ಬರುತ್ತಿದ್ದ ಮುದುಕನನ್ನು ತೋರಿಸಿ ಸಾಕು.

1419ರಲ್ಲಿ ಈಗಿನ ಫ್ರಾನ್ಸಿನ ವಾನ್ ಊರಿನಲ್ಲಿ ಸತ್ತದ್ದು, 1455ರಲ್ಲಿ ಸಂತ ಪದವಿ ಸಿಕ್ಕಿದ್ದು, ಇವೆರಡೂ ಎರಡು ಸಾಲಿಗೆ ಬರುತ್ತವೆ. ಒಟ್ಟು 8 ಪುಟ ಮೀರದಿರಲಿ. ಮಳೆಗಾಲದೊಳಗೆ ಕಳಿಸಿದರೆ ನಾನೇ ಓದುತ್ತೇನೆ. ಕಿರುಬೆರಳು ಮರೆಯಬೇಡಿ.