ಬಿಟ್ಟ ಡಿಗ್ರಿ ಮುಗಿಸಬೇಕಾ? ಮೊದಲು ಹಳೇ ಫೈಲು ಹುಡುಕಿ

ಪ್ರಶ್ನೆ: ನನಗೆ 38 ವರ್ಷ, ಊರು ಕೋಲಾರ. 2005ರಲ್ಲಿ ಬಿ.ಕಾಂ. ಸೇರಿದ್ದೆ. ಆಗ ನಮ್ಮ ಕಾಲೇಜು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಕೊನೇ ವರ್ಷ ಮದುವೆ ಆಯ್ತು. ಕಾಸ್ಟ್ ಅಕೌಂಟಿಂಗ್, ಇನ್‌ಕಮ್ ಟ್ಯಾಕ್ಸ್ ಎರಡು ಪೇಪರ್ ಉಳಿದುಹೋದವು, ಮತ್ತೆ ಬರೆಯಲೇ ಇಲ್ಲ. ಈಗ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಟ್ಯಾಲಿ, ಜಿಎಸ್‌ಟಿ ಎಲ್ಲಾ ನಾನೇ ಮಾಡೋದು. ಆದರೆ ಸೀನಿಯರ್ ಅಕೌಂಟೆಂಟ್ ಆಗೋಕೆ ಡಿಗ್ರಿ ಬೇಕಂತೆ. ಆ ಎರಡು ಪೇಪರ್ ಈಗ ಬರೆಯಬಹುದಾ, ಅಥವಾ ಹೊಸದಾಗಿ ಸೇರಬೇಕಾ? ಪಿಯುಸಿ ಮಾರ್ಕ್ಸ್ ಕಾರ್ಡ್ ಎಲ್ಲಿದೆಯೋ ಗೊತ್ತಿಲ್ಲ. ಆಧಾರ್‌ನಲ್ಲಿ ಗಂಡನ ಹೆಸರು ಸೇರಿದೆ. 'ಈಗ ಓದಿ ಯಾವ ಕಚೇರಿ ಆಳಬೇಕಮ್ಮ' ಅಂತಾರೆ ನಮ್ಮತ್ತೆ.

ಉತ್ತರ: ಶೋರೂಮಿನ ಲೆಕ್ಕವನ್ನೆಲ್ಲ ಒಬ್ಬರೇ ನೋಡುತ್ತಿದ್ದೀರಿ. ಆಳೋದು ಅಂದರೆ ಇನ್ನೇನು? ಅತ್ತೆಯವರ ಮಾತು ಹಾಗಿರಲಿ, ಕಾಗದಪತ್ರದ ವಿಷಯಕ್ಕೆ ಬರೋಣ. ನಿಮ್ಮಂಥವರು ಎಡವುವುದು ಓದಿನಲ್ಲಲ್ಲ, ಅಲ್ಲಿ.

ಡಿಗ್ರಿ ಅರ್ಧಕ್ಕೆ ಬಿಟ್ಟವರು ಸಾಮಾನ್ಯವಾಗಿ ಮೊದಲು ಮಾಡೋದು ಮೊಬೈಲಿನಲ್ಲಿ 'ಡಿಸ್ಟೆನ್ಸ್ ಬಿ.ಕಾಂ.' ಅಂತ ಹುಡುಕೋದು. ಹುಡುಕಿದ ಹತ್ತು ನಿಮಿಷಕ್ಕೆ ಫೋನು ಬರಲು ಶುರುವಾಗುತ್ತದೆ. ನೀವು ಸದ್ಯಕ್ಕೆ ಆ ಕೆಲಸಕ್ಕೆ ಹೋಗಬೇಡಿ. ನಿಮ್ಮ ಹಳೇ ಡಿಗ್ರಿ ಬದುಕಿದೆಯಾ, ಇಲ್ಲವಾ ಅಂತ ಮೊದಲು ಗೊತ್ತಾಗಬೇಕು. ಅದು ಗೊತ್ತಿರೋದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಮಾತ್ರ.

ಇಲ್ಲೊಂದು ಗೊಂದಲ ಇದೆ. 2017ರಲ್ಲಿ ಬೆಂಗಳೂರು ವಿವಿ ಮೂರು ಹೋಳಾಯಿತು. ಕೋಲಾರದ ಕಾಲೇಜುಗಳೆಲ್ಲ ಈಗ ಬೆಂಗಳೂರು ಉತ್ತರ ವಿವಿಯಲ್ಲಿವೆ. ಆದರೆ ನಿಮ್ಮ ರಿಜಿಸ್ಟರ್ ನಂಬರ್ ಕೊಟ್ಟದ್ದು ಹಳೇ ಬೆಂಗಳೂರು ವಿವಿ. ಹಾಗಾಗಿ ಮೊದಲು ಕೇಳಬೇಕಾದ್ದು ಬೆಂಗಳೂರಿನ ಜ್ಞಾನಭಾರತಿಯಲ್ಲಿ, ಅಂದರೆ ಆ ವಿವಿಯ ಕ್ಯಾಂಪಸ್ಸಿನಲ್ಲಿ. ಬರಿಗೈಲಿ ಹೋದರೆ 'ನಾಳೆ ಬನ್ನಿ' ಅಂತಾರೆ. ಒಂದು ಹಳೇ ಮಾರ್ಕ್ಸ್ ಕಾರ್ಡ್ ಅಥವಾ ಹಾಲ್ ಟಿಕೆಟ್ಟಿನ ಜೆರಾಕ್ಸ್ ಆದರೂ ಕೈಯಲ್ಲಿರಲಿ. ಅದೂ ಇಲ್ಲ ಅಂದರೆ ನಿಮ್ಮ ಕಾಲೇಜಿನ ಆಫೀಸಿಗೆ ಹೋಗಿ ಅಡ್ಮಿಷನ್ ರಿಜಿಸ್ಟರ್ ತೆಗೆಸಿ ನಂಬರ್ ಬರೆದುಕೊಳ್ಳಿ.

ಪ್ರತಿ ವಿವಿಯೂ ಒಂದು ಕೋರ್ಸ್ ಮುಗಿಸೋಕೆ ಗರಿಷ್ಠ ಅವಧಿ ಇಟ್ಟಿರುತ್ತದೆ. ಮೂರು ವರ್ಷದ ಡಿಗ್ರಿಗೆ ಕೆಲವು ಕಡೆ ಐದು, ಕೆಲವು ಕಡೆ ಆರು. ನಿಮ್ಮದು ಅದನ್ನು ಯಾವತ್ತೋ ದಾಟಿದೆ. ಮಾಮೂಲಿ ಸಪ್ಲಿಮೆಂಟರಿ ಅರ್ಜಿ ಹಾಕೋಕೆ ಬಹುಶಃ ಆಗಲ್ಲ. ಆದರೆ ವಿವಿಗಳು ಆಗಾಗ, ಅವಧಿ ಮುಗಿದವರಿಗೆ ಅಂತಲೇ ಒಂದು ವಿಶೇಷ ಅವಕಾಶ ಕೊಡುತ್ತವೆ. ಪರೀಕ್ಷಾ ವಿಭಾಗದಲ್ಲಿ ಅದನ್ನು 'ಗೋಲ್ಡನ್ ಚಾನ್ಸ್' ಅನ್ನುತ್ತಾರೆ. ವಿವಿಯ ಆಡಳಿತ ಮಂಡಳಿಯಾದ ಸಿಂಡಿಕೇಟ್ ಒಪ್ಪಬೇಕು, ಸುತ್ತೋಲೆ ಹೊರಡಬೇಕು, ದಂಡ ಸೇರಿ ಶುಲ್ಕ ಕಟ್ಟಬೇಕು. ಅದು ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಅದಕ್ಕೇ ಎರಡು ವಿಷಯ ಬರಹದಲ್ಲಿ ಕೇಳಿ: ನನ್ನ ಬ್ಯಾಚಿಗೆ ಬಾಕಿ ಪೇಪರ್ ಬರೆಯಲು ಈಗ ಅವಕಾಶ ಇದೆಯೇ? ಇದ್ದರೆ ಯಾವ ಸಿಲಬಸ್? ಬಾಯಿಮಾತಿನ ಉತ್ತರ ತಗೊಂಡು ವಾಪಸ್ ಬರಬೇಡಿ. ಪತ್ರಕ್ಕೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. 30 ದಿನದಲ್ಲಿ ಅವರು ಉತ್ತರ ಕೊಡಬೇಕು.

ಸಿಲಬಸ್ ಬಗ್ಗೆ ಯಾಕೆ ಒತ್ತಿ ಹೇಳಿದೆ ಅಂದರೆ, ನಿಮ್ಮ ಎರಡು ಪೇಪರಿನಲ್ಲಿ ಒಂದು ಇನ್‌ಕಮ್ ಟ್ಯಾಕ್ಸ್. ನೀವು ಓದಿದ್ದು 1961ರ ಕಾಯ್ದೆ. 2026ರ ಏಪ್ರಿಲ್ 1ರಿಂದ ಅದರ ಜಾಗದಲ್ಲಿ 2025ರ ಹೊಸ ಕಾಯ್ದೆ. ಅಸೆಸ್‌ಮೆಂಟ್ ಇಯರ್ ಅಂತ ನಾವೆಲ್ಲ ತಲೆ ಕೆಡಿಸಿಕೊಂಡು ಕಲಿತಿದ್ದೆವಲ್ಲ, ಅದು ಹೋಗಿ ಬರೀ 'ಟ್ಯಾಕ್ಸ್ ಇಯರ್' ಆಗಿದೆ. ಹಳೇ ಗೈಡು ಅಟ್ಟದ ಮೇಲೆ ಸಿಕ್ಕಿತು ಅಂತ ಖುಷಿಪಟ್ಟು ಅದನ್ನೇ ಓದಲು ಕೂರಬೇಡಿ. ಕಾಸ್ಟ್ ಅಕೌಂಟಿಂಗ್ ಅಷ್ಟೇನೂ ಬದಲಾಗಿಲ್ಲ.

ಅವಕಾಶ ಇಲ್ಲ ಅಂತ ಉತ್ತರ ಬಂದರೆ? ಆಗ ಹೊಸದಾಗಿ ಸೇರಬೇಕು, ಮೂರು ವರ್ಷ ಓದಬೇಕು. ಸುಮ್ನೆ ಸಮಾಧಾನ ಹೇಳಲ್ಲ. 'ನಿಮ್ಮ ಹಳೇ ಎರಡು ವರ್ಷದ ಕ್ರೆಡಿಟ್ ಸೇರಿಸಿ ಒಂದೇ ವರ್ಷದಲ್ಲಿ ಡಿಗ್ರಿ ಕೊಡಿಸ್ತೀವಿ ಮೇಡಂ' ಅಂತ ಯಾರಾದರೂ ಫೋನಿನಲ್ಲಿ ಹೇಳಿದರೆ ಕಟ್ ಮಾಡಿ. ಅವರು ಹೇಳೋ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಎಬಿಸಿ), ಅಂದರೆ ಪಾಸಾದ ವಿಷಯಗಳ ಕ್ರೆಡಿಟ್ ಕೂಡಿಡೋ ಸರ್ಕಾರಿ ಖಾತೆ, ಶುರುವಾದದ್ದೇ 2021ರಲ್ಲಿ. ಅದರಲ್ಲಿಟ್ಟ ಕ್ರೆಡಿಟ್ಟಿಗೂ ಹೆಚ್ಚೆಂದರೆ ಏಳು ವರ್ಷ ಆಯುಸ್ಸು. 2008ರ ಅಂಕಗಳಿಗೆ ಅಲ್ಲಿ ಜಾಗವಿಲ್ಲ.

ಸೇರೋದಾದರೆ ಎಲ್ಲಿ? ನಿಮ್ಮ ಮುಂದೆ ಎರಡು ಸರ್ಕಾರಿ ಮುಕ್ತ ವಿವಿಗಳಿವೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿ, ಅಂದರೆ ಕೆಎಸ್‌ಒಯು, ಮತ್ತು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ, ಅಂದರೆ ಇಗ್ನೋ. ಎರಡರಲ್ಲೂ ವಯಸ್ಸಿನ ಮಿತಿ ಇಲ್ಲ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬೇಕು ಅಂತಿದ್ದರೆ ಕೆಎಸ್‌ಒಯು ಒಳ್ಳೇದು. ಇಗ್ನೋದಲ್ಲಿ ಮೂರು ವರ್ಷದ ಡಿಗ್ರಿಯನ್ನು ಆರು ವರ್ಷದವರೆಗೂ ಎಳೆಯಬಹುದು. ಮಕ್ಕಳ ಎಸ್‌ಎಸ್‌ಎಲ್‌ಸಿ, ಮನೆಯಲ್ಲಿ ಕಾಯಿಲೆ ಕಸಾಲೆ ಅಂತ ಒಂದು ವರ್ಷ ತಪ್ಪಿದರೂ ಮುಳುಗಿಹೋಗಲ್ಲ. ಅಲ್ಲಿ ಅಸೈನ್‌ಮೆಂಟಿಗೆ ಶೇ 30, ಪರೀಕ್ಷೆಗೆ ಶೇ 70. ಅಸೈನ್‌ಮೆಂಟನ್ನು ಕೈಯಲ್ಲೇ ಬರೆಯಬೇಕು. ಇದು ನಿಮಗೆ ಕಷ್ಟದ ಜೊತೆಗೆ ಉಪಕಾರವೂ ಹೌದು. ಇಷ್ಟು ವರ್ಷ ಕೀಬೋರ್ಡು ಒತ್ತಿದ ಬೆರಳು, ಒಮ್ಮೆಲೇ ಮೂರು ಗಂಟೆ ಪೆನ್ನು ಹಿಡಿ ಅಂದರೆ ಕೇಳಲ್ಲ. ಉತ್ತರ ಗೊತ್ತಿದ್ದೂ ಕೈ ಸೋತು ಕೊನೇ ಎರಡು ಪ್ರಶ್ನೆ ಬಿಡೋರು ದೊಡ್ಡವರಲ್ಲಿ ಜಾಸ್ತಿ. ಅಸೈನ್‌ಮೆಂಟನ್ನು ಮಗಳ ಕೈಯಲ್ಲಿ ಬರೆಸಬೇಡಿ!

ಇಗ್ನೋ ಪರೀಕ್ಷೆ ಬರೋದು ಜೂನ್ ಮತ್ತು ಡಿಸೆಂಬರಿನಲ್ಲಿ. ನಿಮಗೆ ಗೊತ್ತೇ ಇದೆ, ಜೂನ್ 15 ಮತ್ತು ಡಿಸೆಂಬರ್ 15 ಅಡ್ವಾನ್ಸ್ ಟ್ಯಾಕ್ಸ್ ಕಟ್ಟೋ ದಿನಗಳು. ಜಿಎಸ್‌ಟಿ ರಿಟರ್ನುಗಳಲ್ಲಿ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಟೈಂಟೇಬಲ್ ಬಂದ ದಿನವೇ ಮಾಲೀಕರಿಗೆ ತೋರಿಸಿ ರಜೆ ಬರೆಸಿಕೊಳ್ಳಿ. ಹಿಂದಿನ ರಾತ್ರಿ ಕೇಳಿದರೆ ಸಿಗಲ್ಲ. ಅದಕ್ಕೂ ಮುಂಚೆ ಇನ್ನೊಂದು ಕೇಳಿ: ದೂರಶಿಕ್ಷಣದ ಡಿಗ್ರಿ ನಮ್ಮಲ್ಲಿ ನಡೆಯುತ್ತದಾ? ಮಾನ್ಯತೆ ಇರೋ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಪಡೆದ ಡಿಗ್ರಿ, ಕಾಲೇಜಿಗೆ ಹೋಗಿ ಪಡೆದದ್ದಕ್ಕೆ ಸಮ ಅಂತ ವಿವಿಗಳ ಮೇಲುಸ್ತುವಾರಿ ನೋಡೋ ಯುಜಿಸಿ 2022ರ ಸೆಪ್ಟೆಂಬರಿನಲ್ಲೇ ಸ್ಪಷ್ಟ ಮಾಡಿದೆ. ಆದರೂ ಖಾಸಗಿಯವರ ಮನಸ್ಸಿನಲ್ಲಿ ಏನಿದೆ ಅಂತ ಮೊದಲೇ ತಿಳಿದಿದ್ದರೆ ಮೂರು ವರ್ಷ ಆದಮೇಲೆ ಜಗಳ ಇರಲ್ಲ.

ಇನ್ನು ನಿಮ್ಮ ಹೆಸರು. ನನ್ನ ಪ್ರಕಾರ ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಸಾಲು ಅದೇ. ದೂರಶಿಕ್ಷಣಕ್ಕೆ ಸೇರೋರಿಗೆ ಈಗ ಡಿಇಬಿ ಐಡಿ, ಅಂದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ನೋಂದಣಿ ಸಂಖ್ಯೆ, ಬೇಕೇ ಬೇಕು. ಅದಕ್ಕೆ ಮೊದಲು ಆಗಲೇ ಹೇಳಿದ ಕ್ರೆಡಿಟ್ ಖಾತೆಯ ಎಬಿಸಿ ಐಡಿ ಬೇಕು. ಅದಕ್ಕೆ ಆಧಾರ್ ಬೇಕು. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದರೆ ಅಡ್ಮಿಷನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮದುವೆ ಆಯಿತು ಅಂತ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು ಬದಲಿಸಿ ಕೊಡಲ್ಲ. ಆಧಾರ್‌ನಲ್ಲಿ ಬದಲಿಸಬಹುದು, ಆದರೆ ಜೀವಮಾನದಲ್ಲಿ ಎರಡೇ ಸಲ. ಮದುವೆ ಆದಾಗ ಒಂದು ಸಲ ಬದಲಿಸಿದ್ದರೆ ನಿಮಗೆ ಉಳಿದಿರೋದು ಒಂದೇ. ಅದನ್ನು ಬಳಸುವ ಮುಂಚೆ ಬ್ಯಾಂಕು, ಪ್ಯಾನು, ಪಿಎಫ್ ಎಲ್ಲೆಲ್ಲಿ ಯಾವ ಹೆಸರಿದೆ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟು ನೋಡಿ. ಪ್ರವೇಶ ಕೇಂದ್ರದಲ್ಲಿ ಮದುವೆ ನೋಂದಣಿ ಪತ್ರ, ನೋಟರಿ ಅಫಿಡವಿಟ್ ಒಪ್ಪುತ್ತಾರಾ ಕೇಳಿ. ಒಪ್ಪಿದರೆ ಆಧಾರ್ ಮುಟ್ಟಲೇಬೇಡಿ. ಡಿಗ್ರಿಯಲ್ಲಿ ಮಾತ್ರ ಎಸ್‌ಎಸ್‌ಎಲ್‌ಸಿಯಲ್ಲಿರೋ ಹೆಸರೇ ಇರಲಿ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಮೂರೂ ಸರ್ಟಿಫಿಕೇಟಿನಲ್ಲಿ ಒಂದೇ ಹೆಸರಿದ್ದರೆ ನಾಳೆ ಯಾವ ಪರಿಶೀಲನೆಯಲ್ಲೂ ತಕರಾರಿಲ್ಲ.

ಪಿಯುಸಿ ಮಾರ್ಕ್ಸ್ ಕಾರ್ಡು ಬಹುಶಃ ನಿಮ್ಮ ಡಿಗ್ರಿ ಕಾಲೇಜಿನಲ್ಲೇ ಇದೆ. ಸೇರುವಾಗ ಒರಿಜಿನಲ್ ಕೊಟ್ಟು ಬಿಟ್ಟುಬಂದವರು ಎಷ್ಟೋ ಜನ. ಟಿಸಿಯೂ ಅಲ್ಲೇ ಇರುತ್ತದೆ. ಅಲ್ಲಿ ಸಿಗದಿದ್ದರೆ ಡೂಪ್ಲಿಕೇಟ್ ಕೊಡೋದು ಮಲ್ಲೇಶ್ವರದ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. 2022ರಿಂದ ಪಿಯು ಪರೀಕ್ಷೆಯ ಕೆಲಸವೂ ಅದರ ಕೈಯಲ್ಲಿದೆ. ಬೆಂಗಳೂರು ವಿವಿಯಿಂದ ಮೈಗ್ರೇಷನ್ ಸರ್ಟಿಫಿಕೇಟ್ ಬೇಕಾಗಬಹುದು. ಜ್ಞಾನಭಾರತಿಗೆ ಹೋದಾಗ ಅದನ್ನೂ ವಿಚಾರಿಸಿಕೊಂಡು ಬನ್ನಿ, ಎರಡು ಸಲ ಬಸ್ ಹತ್ತೋದು ತಪ್ಪುತ್ತದೆ.

ಪ್ರಶ್ನೆ: ವಿಟಿಯುನಲ್ಲಿ ಬಿ.ಇ. ಮಾಡಿದೆ, 2010ರ ಸ್ಕೀಮ್. ನಾಲ್ಕು ಬ್ಯಾಕ್‌ಲಾಗ್ ಇವೆ. ಎಂಟು ವರ್ಷದ ಗಡುವು ಮುಗಿದಿದೆ. ಉತ್ತರ ಭಾರತದ ಒಂದು ವಿವಿಯಿಂದ 'ಸಿಂಗಲ್ ಸಿಟಿಂಗ್' ಬಿ.ಇ. ಕೊಡಿಸ್ತೀವಿ ಅಂತ ಬೆಂಗಳೂರಿನ ಒಬ್ಬ ಏಜೆಂಟ್ ಹೇಳ್ತಿದ್ದಾರೆ. ವೆರಿಫಿಕೇಷನ್ನೂ ಆಗುತ್ತಂತೆ. ತಗೊಳ್ಳಲಾ?

ಉತ್ತರ: ಬೇಡ. ಅದು ಕೊಂಡುಕೊಂಡ ಕಾಗದ, ಡಿಗ್ರಿ ಅಲ್ಲ. ಎಂಜಿನಿಯರಿಂಗ್ ಡಿಗ್ರಿಯನ್ನು ದೂರಶಿಕ್ಷಣದಲ್ಲಿ ಕೊಡೋ ಹಾಗೇ ಇಲ್ಲ. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಅಂಚೆ ಎಂಜಿನಿಯರಿಂಗ್ ಪದವಿಗಳ ಮೇಲೆ ಕೊಟ್ಟ ತೀರ್ಪಿನಲ್ಲಿ, ಅದಾಗಲೇ ಡಿಗ್ರಿ ಪಡೆದು ಕೆಲಸದಲ್ಲಿದ್ದವರಿಗೂ ಪೆಟ್ಟು ಬಿತ್ತು. ಇನ್ನು 'ಸಿಂಗಲ್ ಸಿಟಿಂಗ್' ಅಂದರೆ ಹಿಂದಿನ ತಾರೀಖು ಹಾಕಿ ಕೊಡೋದು. ಆ ವರ್ಷಗಳಲ್ಲಿ ನೀವು ಬೆಂಗಳೂರಿನಲ್ಲಿ ಪಿಎಫ್ ಕಟ್ಟುತ್ತಾ ಕೆಲಸ ಮಾಡಿದ ದಾಖಲೆ ಇರುತ್ತದೆ. ಅದೇ ವರ್ಷ ಸಾವಿರಾರು ಕಿಲೋಮೀಟರ್ ದೂರದಲ್ಲಿ ಫುಲ್‌ಟೈಂ ಬಿ.ಇ. ಓದಿದೆ ಅಂದರೆ ಎಚ್‌ಆರ್‌ನವರು ನಂಬಬೇಕಲ್ವಾ?

ನಿಮಗಿರೋ ದಾರಿ ಎರಡು. ಅವಧಿ ಮುಗಿದವರಿಗೆ ವಿಟಿಯು ಹಿಂದೆಯೂ ವಿಶೇಷ ಅವಕಾಶ ಕೊಟ್ಟಿದೆ. ಅದರ ಸುತ್ತೋಲೆಗಳನ್ನು ತಿಂಗಳಿಗೊಮ್ಮೆ ನೋಡುತ್ತಿರಿ, ನಿಮ್ಮ ಕಾಲೇಜಿನ ಪರೀಕ್ಷಾ ಗುಮಾಸ್ತರ ನಂಬರ್ ಇಟ್ಟುಕೊಳ್ಳಿ. ಸುದ್ದಿ ಮೊದಲು ತಲುಪೋದು ಅವರಿಗೆ. ಆದರೆ ಅದನ್ನೇ ಕಾಯುತ್ತಾ ಕೂರೋದು ಬೇಡ. ನೀವು ಸಾಫ್ಟ್‌ವೇರ್ ಕಡೆ ಕೆಲಸದಲ್ಲಿದ್ದರೆ ಮಾನ್ಯತೆ ಇರೋ ಕಡೆ ದೂರಶಿಕ್ಷಣದಲ್ಲಿ ಬಿಸಿಎ ಸೇರಿಬಿಡಿ. 'ಯಾವುದಾದರೂ ಡಿಗ್ರಿ' ಅಂತ ಕೇಳೋ ಕೆಲಸಗಳಿಗೆ, ಸರ್ಕಾರಿ ಪರೀಕ್ಷೆಗಳಿಗೆ ಅದು ಸಾಕು. ಬಿ.ಇ.ಯಲ್ಲಿ ಅಷ್ಟು ವರ್ಷ ಕಳೆದು ಬಿಸಿಎನಾ ಅಂತ ಅನ್ನಿಸಬಹುದು, ಅನ್ನಿಸಲಿ. ಸೇರೋ ಮುಂಚೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಪಟ್ಟಿಯಲ್ಲಿ ಆ ವಿವಿ, ಆ ಕೋರ್ಸು, ಆ ವರ್ಷ ಮೂರೂ ಇವೆಯಾ ನೋಡಿ. ವಿವಿಯ ಹೆಸರು ಮಾತ್ರ ನೋಡಿದರೆ ಸಾಲದು. ನಮ್ಮ ಕೆಎಸ್‌ಒಯುಗೇ 2012-13ರ ನಂತರ ಮಾನ್ಯತೆ ತಪ್ಪಿ, ಮತ್ತೆ ಸಿಕ್ಕಿದ್ದು 2018-19ಕ್ಕೆ. ಈಗ ಅದಕ್ಕೆ ಮಾನ್ಯತೆ ಇದೆ. ಆದರೆ ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ಸಣ್ಣದಲ್ಲ.

ಪ್ರಶ್ನೆ: ದಾವಣಗೆರೆಯಲ್ಲಿ ಗೂಡ್ಸ್ ಆಟೊ ಓಡಿಸುತ್ತೇನೆ, 45 ವರ್ಷ. ಪಿಯುಸಿಯಲ್ಲಿ ಇಂಗ್ಲಿಷ್ ಒಂದೇ ಫೇಲು. ಪಿಯುಸಿ ಇಲ್ಲದೆ ನೇರ ಬಿ.ಎ. ಮಾಡಬಹುದು ಅಂತ ಒಬ್ಬರು ಹೇಳಿದರು. ನಿಜಾನಾ? ಕೆಲಸಕ್ಕಲ್ಲ ಸರ್, ನನಗೆ ಇತಿಹಾಸ ಓದೋ ಆಸೆ.

ಉತ್ತರ: ಪಿಯುಸಿ ಮುಗಿಸಿಯೇ ಹೋಗಿ. ನೇರ ಡಿಗ್ರಿ ಅಂತ ಹಿಂದೆ ಕೆಲವು ಕಡೆ ನಡೆದದ್ದು ನಿಜ. ಆಮೇಲೆ 10+2+3 ಅನ್ನೋ ಕ್ರಮ ಇಲ್ಲ ಅಂತ ಎಂ.ಎ.ಗೂ, ಕೆಲಸಕ್ಕೂ ಅಡ್ಡಿ ಬಂತು. ನಿಮಗೆ ಕೆಲಸ ಬೇಡ, ಸರಿ. ಆದರೆ ಬಿ.ಎ. ಮುಗಿದಮೇಲೆ ಎಂ.ಎ. ಇತಿಹಾಸ ಬೇಕು ಅನ್ನಿಸಿದರೆ ಏನು ಮಾಡ್ತೀರಿ? ಆಸೆ ಇರೋರಿಗೆ ಅನ್ನಿಸಿಯೇ ಅನ್ನಿಸುತ್ತದೆ.

ನೀವು ಓದಿದ ಪಿಯು ಕಾಲೇಜಿಗೆ ಹೋಗಿ. ರಿಪೀಟರ್ ಅರ್ಜಿ ಆ ಕಾಲೇಜಿನ ಮೂಲಕವೇ ಹೋಗೋದು. ಹಳೇ ಅಂಕಪಟ್ಟಿ ತೋರಿಸಿ, ಇಂಗ್ಲಿಷ್ ಒಂದನ್ನೇ ಬರೆಯಬಹುದಾ ಕೇಳಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಒಂದರಲ್ಲಿ ಹೋದರೆ ಇನ್ನೊಂದಕ್ಕೆ ವರ್ಷವಿಡೀ ಕಾಯಬೇಕಾಗಿಲ್ಲ. ಅಲ್ಲಿ ಆಗದಿದ್ದರೆ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್ ಇದೆ. ಅಲ್ಲಿ ಐದು ವಿಷಯ, ಐದು ವರ್ಷದಲ್ಲಿ ಒಂಬತ್ತು ಸಲ ಬರೆಯೋ ಅವಕಾಶ. ಯಾವ ಭಾಷೆಯಲ್ಲಿ ಬರೆಯಬಹುದು ಅಂತ ಮಾತ್ರ ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಿ.

ಆಮೇಲೆ ಕೆಎಸ್‌ಒಯುನಲ್ಲಿ ಕನ್ನಡ ಮಾಧ್ಯಮದ ಬಿ.ಎ. ಇದೆ, ದಾವಣಗೆರೆಯಲ್ಲೇ ಅದರ ಪ್ರಾದೇಶಿಕ ಕೇಂದ್ರವೂ ಇದೆ. ಗಾಡಿ ಲೋಡಿಗೆ ನಿಂತಾಗ ಒಂದು ಸಲ ಒಳಗೆ ಹೋಗಿ ಇತಿಹಾಸದ ಪುಸ್ತಕ ತೋರಿಸಿ ಅಂತ ಕೇಳಿ ನೋಡಿ. ಶುಲ್ಕದಲ್ಲಿ ರಿಯಾಯಿತಿ ಏನಾದರೂ ಇದೆಯಾ ಅಂತಲೂ ಅಲ್ಲೇ ವಿಚಾರಿಸಿ. ಅಲ್ಲಿಯವರೆಗೆ ಇಂಗ್ಲಿಷ್‌ಗೆ ದಿನಾ ಅರ್ಧ ಗಂಟೆ ಕೊಡಿ: ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಗ್ರಾಮರ್ ಮತ್ತು ಪತ್ರ ಬರೆಯೋದು ಮೊದಲು, ಪದ್ಯಗಳು ಆಮೇಲೆ.