ಐದು ಮಿಲಿಮೀಟರ್ ಕತ್ತರಿಸಿದರೆ ಸಾಕೇ?

ಓದುಗರ ಪತ್ರ: ಅಜ್ಜನ ಕಾಲದ ಜೋಡುನಳಿಗೆ ಕೋವಿ ಈಗ ನನ್ನ ಹೆಸರಿಗೆ ಬಂದಿದೆ. 12 ಬೋರ್. ನಳಿಗೆಯ ಅಡಿಯಲ್ಲಿ 2½ ಇಂಚು ಎಂಬ ಗುರುತಿದೆ. ನನ್ನ ಹತ್ತಿರ ಇರುವುದೆಲ್ಲ 70 ಮಿ.ಮೀ. ತೋಟಾ. ಹಾಕಿ ನೋಡಿದೆ, ಸಲೀಸಾಗಿ ಕೂತವು, ಕೋವಿಯೂ ಮುಚ್ಚಿಕೊಂಡಿತು. ಆದರೂ ಗೆಳೆಯರೊಬ್ಬರು ಬೇಡವೇ ಬೇಡ ಅಂದರು. ತುದಿಯಲ್ಲಿ ಐದಾರು ಮಿ.ಮೀ. ಕತ್ತರಿಸಿ ಬಳಸಬಹುದೇ? ಇಲ್ಲವೆಂದರೆ, ಖಾಲಿ ತೋಟಾಗಳನ್ನು ಕತ್ತರಿಸಿ ಮನೆಯಲ್ಲೇ ತುಂಬಿಕೊಳ್ಳುವುದು ಹೇಗೆ?

ಸಂಪಾದಕರ ಉತ್ತರ: ನಿಮ್ಮ ಗೆಳೆಯರಿಗೆ ಮೊದಲು ಒಂದು ನಮಸ್ಕಾರ ಹೇಳಿ. ಅವರು ಹೇಳಿದ್ದು ಸರಿ. ತುಂಬಿದ ತೋಟಾಕ್ಕೆ ಬ್ಲೇಡು ಹಾಕಬೇಡಿ. ಖಾಲಿಯದನ್ನು ಕತ್ತರಿಸಬಹುದು, ಆದರೆ ಕತ್ತರಿಸುವುದು ಆ ಕೆಲಸದ ಸುಲಭದ ಭಾಗ.

‘ಸಲೀಸಾಗಿ ಕೂತವು’ ಅಂದಿರಲ್ಲ, ಮೋಸ ಇರುವುದೇ ಅಲ್ಲಿ. ಒಂದು 70 ಮಿ.ಮೀ. ತೋಟಾ ತೆಗೆದುಕೊಂಡು ವರ್ನಿಯರ್ ಹಿಡಿದು ನೋಡಿ. 58 ಮಿ.ಮೀ. ಆಸುಪಾಸು ಬರುತ್ತದೆ. ಹಾಗಾದರೆ 70 ಎಲ್ಲಿ ಹೋಯಿತು? ತುದಿಯ ನಕ್ಷತ್ರದಂಥ ಮಡಿಕೆಯೊಳಗೆ ಹೋಗಿದೆ. ಡಬ್ಬಿಯ ಮೇಲೆ ಅಚ್ಚಾಗಿರುವುದು ಹಾರಿಸಿದ ಮೇಲೆ, ಮಡಿಕೆ ಪೂರ್ತಿ ಬಿಚ್ಚಿಕೊಂಡಾಗಿನ ಉದ್ದ. ನಿಮ್ಮ ಕೋವಿಯ ಮನೆ, ಅಂದರೆ ತೋಟಾ ಕೂರುವ ಚೇಂಬರ್, ಇರುವುದು 2½ ಇಂಚು, 63.5 ಮಿ.ಮೀ. ಇದನ್ನೇ ಮಾತಿನಲ್ಲಿ 65 ಅನ್ನುತ್ತಾರೆ. 58 ಅದರೊಳಗೆ ಆರಾಮವಾಗಿ ಕೂರುತ್ತದೆ. ಗುಂಡು ಸಿಡಿದಾಗ ಬಿಚ್ಚಿಕೊಳ್ಳುವ ತುದಿಗೆ ಮಾತ್ರ ಜಾಗ ಸಾಲುವುದಿಲ್ಲ. ಚೇಂಬರಿನ ಮುಂದೆ ನಳಿಗೆ ಕಿರಿದಾಗುವ ಇಳಿಜಾರು ಇದೆಯಲ್ಲ, ತೋಟಾದ ಪ್ಲಾಸ್ಟಿಕ್ ಕೊಳವೆ ಅದರೊಳಗೆ ನುಗ್ಗುತ್ತದೆ. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಹೊರಡುವ ಗಳಿಗೆಯಲ್ಲೇ ಬಾಯಿ ಇಕ್ಕಟ್ಟಾಗುತ್ತದೆ, ಒತ್ತಡ ಏರುತ್ತದೆ. ಹತ್ತು ಸಲ ಹಾರಿಸಿದರೂ ಏನೂ ಆಗದೇ ಇರಬಹುದು. ಅದನ್ನು ನಂಬಿಕೊಂಡು ಹನ್ನೊಂದನೆಯದನ್ನು ಹಾಕುವವರೇ ಜಾಸ್ತಿ.

ಉದ್ದ ಅರ್ಧ ಪ್ರಶ್ನೆ ಮಾತ್ರ. ಇನ್ನರ್ಧ ಒಳಗಿನ ಮದ್ದಿನದು. ಇವತ್ತಿನ 70ರ ತೋಟಾವನ್ನು ಇವತ್ತಿನ ಉಕ್ಕಿನ ನಳಿಗೆಗಾಗಿ ತುಂಬಿರುತ್ತಾರೆ. ಅಜ್ಜನ ಕೋವಿಯನ್ನು ಪರೀಕ್ಷಿಸಿ ಮುದ್ರೆ ಒತ್ತಿದ್ದು ಅದಕ್ಕಿಂತ ಕಡಿಮೆ ಒತ್ತಡಕ್ಕೆ ಇರಬಹುದು. ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ, ಪಟ್ಟಿಗಳನ್ನು ಹೆಣೆದು ಬೆಸೆದದ್ದು. ಅಂಥದ್ದಾದರೆ ಅನುಭವಿ ಕೋವಿ ರಿಪೇರಿಯವರು ಅಳೆದು ನೋಡಿ ಹೂಂ ಅನ್ನುವ ತನಕ ಏನನ್ನೂ ಹಾರಿಸಬೇಡಿ.

ಈಗ ನಿಮ್ಮ ಮೊದಲ ಪ್ರಶ್ನೆ. ತುಂಬಿದ ತೋಟಾದ ತುದಿಯಲ್ಲಿ ಕತ್ತರಿಸಲಿಕ್ಕೆ ಹೆಚ್ಚಿನ ಭಾಗವೇ ಇಲ್ಲ. ಅಲ್ಲಿರುವುದು ಮಡಿಕೆ. ಅದನ್ನು ತೆಗೆದರೆ ಚರೆ ಅಂಗೈ ಮೇಲೆ ಸುರಿಯುತ್ತದೆ. ‘ಚರೆ ಸುರಿದು, ಕೊಳವೆ ಕತ್ತರಿಸಿ, ಸ್ವಲ್ಪ ಕಡಿಮೆ ಚರೆ ಹಾಕಿ ಮುಚ್ಚಿಬಿಟ್ಟರೆ?’ ಎಂದು ನೀವು ಯೋಚಿಸುತ್ತಿರಬಹುದು. ಮದ್ದು, ಅದನ್ನು ಚರೆಯಿಂದ ಬೇರೆ ಮಾಡುವ ವ್ಯಾಡ್ ಎಂಬ ಅಡ್ಡೆ, ಚರೆಯ ತೂಕ, ಮಡಿಕೆಯ ಬಿಗಿ ಇವು ನಾಲ್ಕೂ ಒಂದಕ್ಕೊಂದು ಹೊಂದಿಸಿದ ಲೆಕ್ಕ. ಒಂದನ್ನು ಕದಲಿಸಿದರೆ ಉಳಿದ ಮೂರರ ಲೆಕ್ಕವೂ ತಪ್ಪುತ್ತದೆ. ಇನ್ನು ಕೆಲವರು ತುಂಬಿದ ತೋಟಾದ ನಡುವಿಗೆ ಸುತ್ತಲೂ ಗೀರು ಹಾಕುತ್ತಾರೆ. ಹಾರಿಸಿದಾಗ ಮುಂದಿನರ್ಧ ಕೊಳವೆ ಚರೆಯ ಸಮೇತ ಒಂದೇ ಗಂಟಾಗಿ ಹೋಗಲಿ ಅಂತ. ಹೋದರೆ ಸರಿ, ನಳಿಗೆಯಲ್ಲೇ ಸಿಕ್ಕಿಕೊಂಡರೆ? ಆಮೇಲೆ ಹಾರಿಸುವ ಈಡಿಗೆ ನಳಿಗೆಯೇ ಸೀಳಬಹುದು.

ಖಾಲಿ ತೋಟಾಕ್ಕೆ ಬರೋಣ. ಅದಕ್ಕೂ ಮೊದಲು, ಮನೆಯಲ್ಲಿ ತೋಟಾ ತುಂಬುವುದಕ್ಕೆ ನೀವಿರುವ ಕಡೆ ಕಾನೂನು ಒಪ್ಪುತ್ತದೆಯೇ, ಲೈಸನ್ಸ್ ಬೇಕೇ ಅಂತ ತಿಳಿದುಕೊಳ್ಳಿ. ಕೋವಿಯ ಲೈಸನ್ಸ್ ಇದ್ದ ಮಾತ್ರಕ್ಕೆ ತುಂಬುವುದಕ್ಕೂ ಅನುಮತಿ ಸಿಕ್ಕಿದೆ ಎಂದುಕೊಳ್ಳಬೇಡಿ.

ಪ್ಲಾಸ್ಟಿಕ್ ಕೊಳವೆಯಲ್ಲಿ ಎರಡು ಬಗೆ. ಒಂದರಲ್ಲಿ ತಳ, ಗೋಡೆ ಎಲ್ಲ ಒಂದೇ ಅಚ್ಚಿನಲ್ಲಿ ಬಂದಿರುತ್ತದೆ. ಅದರ ಗೋಡೆ ಬಾಯಿಯ ಹತ್ತಿರ ತೆಳು, ಕೆಳಗಿಳಿದಂತೆ ದಪ್ಪ. ಇದನ್ನು ಗಿಡ್ಡ ಮಾಡಿದರೆ ದಪ್ಪ ಗೋಡೆಯೇ ಬಾಯಾಗುತ್ತದೆ. ಮಡಿಕೆ ಮುರುಟುತ್ತದೆ, ವ್ಯಾಡ್ ಒಳಗಿಳಿಯಲು ಹಟ ಮಾಡುತ್ತದೆ. ಇನ್ನೊಂದು ಬಗೆಯಲ್ಲಿ ಕೊಳವೆ ನೆಟ್ಟಗೆ, ಮೇಲಿಂದ ಕೆಳಗೆ ಒಂದೇ ದಪ್ಪ. ತಳದ ಬಿಲ್ಲೆ ಬೇರೆ. ಕತ್ತರಿಸಲು ಇದೇ ಸರಿ. ಬೆಳಕಿಗೆ ಹಿಡಿದು ಒಳಗಡೆ ನೋಡಿದರೆ ತಳದ ಬಿಲ್ಲೆಯ ಅಂಚು ಕಾಣುತ್ತದೆ.

ಕತ್ತರಿಸಲು ಕೊಳವೆಯೊಳಗೆ ಬಿಗಿಯಾಗಿ ಕೂರುವ ದುಂಡನೆ ಮರದ ಕೋಲು ಬೇಕು. ಕೋಲಿಲ್ಲದೆ ಬ್ಲೇಡ್ ಒತ್ತಿದರೆ ಕೊಳವೆ ಚಪ್ಪಟೆಯಾಗಿ ಬಾಯಿ ಓರೆಯಾಗುತ್ತದೆ. ತಳದ ಅಂಚಿನಿಂದ ಅಳತೆ ಹಿಡಿದು ಒಂದು ತಡೆ ನಿಲ್ಲಿಸಿ. ಬ್ಲೇಡನ್ನು ಅಲ್ಲಾಡಿಸಬೇಡಿ, ತೋಟಾವನ್ನು ತಿರುಗಿಸಿ. ಒಂದೇ ಸುತ್ತಿಗೆ ಪೂರ್ತಿ ಕತ್ತರಿಸುವ ಆತುರ ಬೇಡ. ಎರಡು ಮೂರು ಸುತ್ತು ಮೆಲ್ಲಗೆ ಒತ್ತಿ. ಉಂಗುರದಂಥ ಚೂರು ತಾನಾಗಿ ಕಳಚಿ ಬೀಳುತ್ತದೆ. ಅಂಚಿನಲ್ಲಿ ಎಳೆ ಉಳಿದಿದ್ದರೆ ಕೆರೆದು ತೆಗೆಯಿರಿ. ಹಾರಿಸಿದ ತೋಟಾವನ್ನೇ ಬಳಸಿ. ಮದ್ದಿಗೆ ಕಿಡಿ ಹಚ್ಚುವ ಹೊಸ ಕೇಪು ಕೂರಿಸಿದ ಕೊಳವೆಯನ್ನು ಕತ್ತರಿಸಲು ಹೋಗಲೇಬೇಡಿ, ಆ ಕೇಪು ಜೀವಂತ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಒಮ್ಮೆ ಐವತ್ತು ಕೊಳವೆ ಕತ್ತರಿಸಲು ಕೂತೆ. ಮೊದಲನೆಯದನ್ನು ಅಳೆದೆ, ಸರಿ ಇತ್ತು. ಆಮೇಲೆ ಅಳೆಯುವ ಗೋಜಿಗೇ ಹೋಗಲಿಲ್ಲ. ತಡೆಯ ಸ್ಕ್ರೂ ನಿಧಾನಕ್ಕೆ ಸಡಿಲವಾಗುತ್ತಿತ್ತು. ಕೊನೆಗೆ ಸಾಲಾಗಿ ನಿಲ್ಲಿಸಿ ನೋಡಿದರೆ ಮೆಟ್ಟಿಲು! ಕೊನೆಯ ಕೊಳವೆ ಮೊದಲಿನದಕ್ಕಿಂತ ಮೂರು ಮಿ.ಮೀ. ಗಿಡ್ಡ. ಅರ್ಧದಷ್ಟು ಕಸದ ಬುಟ್ಟಿಗೆ ಹೋದವು. ಪುಣ್ಯಕ್ಕೆ ತಡೆ ಜಾರಿದ್ದು ಗಿಡ್ಡದ ಕಡೆಗೆ. ಉದ್ದದ ಕಡೆ ಜಾರಿದ್ದರೆ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ.

ಇಲ್ಲಿಂದ ಮುಂದೆ ಹುಷಾರಾಗಿರಬೇಕು. ನಕ್ಷತ್ರದ ಮಡಿಕೆಗೆ ಸುಮಾರು 12 ಮಿ.ಮೀ. ಕೊಳವೆ ಬೇಕು. ಗಿಡ್ಡ ಮಾಡಿದ ಕೊಳವೆಗೆ ಸಾಮಾನ್ಯವಾಗಿ ರೋಲ್ ಕ್ರಿಂಪ್ ಮಾಡುತ್ತಾರೆ. ಚರೆಯ ಮೇಲೆ ರಟ್ಟಿನ ಬಿಲ್ಲೆ ಇಟ್ಟು, ತಿರುಗುವ ಅಚ್ಚಿನಿಂದ ಅಂಚನ್ನು ಒಳಕ್ಕೆ ಸುರುಳಿ ಮಾಡುವುದು. ಅದಕ್ಕೆ ಆರು ಮಿ.ಮೀ. ಸಾಕು. ಈಗ ಲೆಕ್ಕ ಹಾಕಿ: 70ರಲ್ಲಿ 12 ಕಳೆದರೆ 58. 63.5ರಲ್ಲಿ 6 ಕಳೆದರೆ 57.5. ಅಂದರೆ ಒಳಗಿನ ಜಾಗ ಹೆಚ್ಚುಕಡಿಮೆ ಅಷ್ಟೇ ಉಳಿಯಿತು! ‘ಹಾಗಾದರೆ ಹಳೇ ಅಳತೆಯಲ್ಲೇ ಮದ್ದು, ಚರೆ ಹಾಕಿದರಾಯ್ತು’ ಅನಿಸುವುದು ಸಹಜ. ಹಾಗೆ ಮಾಡಿದರೆ ಉದ್ದದ ತಂಟೆ ಬಗೆಹರಿದು ಒತ್ತಡದ ತಂಟೆ ಹಾಗೇ ಉಳಿಯುತ್ತದೆ. ನೋಡಲು ಹಳೇ ಕೋವಿಗೆ ತಕ್ಕ ತೋಟಾ, ಒಳಗೆ ಹೊಸ ಕೋವಿಯ ಈಡು. ಆಮೇಲೆ ನೀವೇ ಗುರುತು ಹಿಡಿಯಲಾರಿರಿ.

ಆದ್ದರಿಂದ ಮದ್ದು ತಯಾರಿಸುವವರು ಅಚ್ಚು ಹಾಕಿರುವ ಕೋಷ್ಟಕದಲ್ಲಿ 2½ ಇಂಚಿಗೆ ಕೊಟ್ಟ ಅಳತೆಯನ್ನೇ ಹಿಡಿಯಿರಿ. ಅದೇ ಬಗೆಯ ಕೊಳವೆ, ಅದೇ ಕೇಪು, ಅದೇ ವ್ಯಾಡ್, ಅದೇ ಬಗೆಯ ಮಡಿಕೆ. ಕೇಪು ಬದಲಾದರೂ ಒತ್ತಡ ಬದಲಾಗುತ್ತದೆ. ನಾನು ಇಲ್ಲಿ ಮದ್ದಿನ ಗ್ರಾಂ ಲೆಕ್ಕ ಬರೆಯುವುದಿಲ್ಲ, ಕೇಳಿ ಮತ್ತೆ ಕಾಗದ ಬರೆದರೂ ಬರೆಯುವುದಿಲ್ಲ. ನಿಮ್ಮ ಕೋವಿ ನೋಡದವರು ಹೇಳುವ ಅಳತೆ ಅಲ್ಲ ಅದು.

ಒಂದು ಮಾತು ಕೇಳಲೇ? ಇಷ್ಟೆಲ್ಲ ಸಲಕರಣೆ ಕೂಡಿಹಾಕುವುದು ನಿಮಗೆ ಖುಷಿ ಕೊಡುವ ಕೆಲಸವಾದರೆ ಮಾಡಿ. ಬರೀ ಕೋವಿ ಬಳಸಬೇಕು ಅಷ್ಟೇ ಅನ್ನುವುದಾದರೆ, 65 ಮಿ.ಮೀ. ತೋಟಾಗಳನ್ನು ಕಾರ್ಖಾನೆಗಳು ಇವತ್ತಿಗೂ ತಯಾರಿಸುತ್ತವೆ, ಹಳೆಯ ಕೋವಿಗಳಿಗೆಂದೇ. ಚೇಂಬರ್ ಒಮ್ಮೆ ಅಳೆಸಿ, ಅವನ್ನು ತರಿಸಿಕೊಳ್ಳಿ. ಅಳೆಸುವುದು ಯಾಕೆಂದರೆ, ಹಿಂದೆ ಯಾರಾದರೂ ಕೊರೆದು ಚೇಂಬರ್ ಉದ್ದ ಮಾಡಿರಬಹುದು. ಗುರುತು ಹಳೆಯದೇ ಉಳಿದಿರುತ್ತದೆ, ಗೋಡೆ ತೆಳ್ಳಗಾಗಿರುತ್ತದೆ.

ನಿಮ್ಮಲ್ಲಿರುವ 70ರ ತೋಟಾಗಳನ್ನು 70ರ ಚೇಂಬರ್ ಇರುವ, ಲೈಸನ್ಸ್ ಉಳ್ಳ ಗೆಳೆಯರಿಗೆ ಕಾನೂನಿನ ಪ್ರಕಾರ ಕೊಡಲು ಆಗುವುದಾದರೆ ಕೊಟ್ಟುಬಿಡಿ. ಅಲ್ಲಿಯವರೆಗೆ ಅಜ್ಜನ ಕೋವಿ ಇರುವ ಕಪಾಟಿನಲ್ಲಿ ಮಾತ್ರ ಅವನ್ನು ಇಡಬೇಡಿ.