ಓದುಗರ ಪ್ರಶ್ನೆ: ಮಕ್ಕಳಿಗೆ ಯಹೂದಿ ಪುಸ್ತಕಗಳು

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಆನ್ ಫ್ರಾಂಕ್ ಡೈರಿಯನ್ನು ಈಗಲೇ ಓದಿಸಬಹುದೇ? ಯಾವ ಪ್ರತಿ ಕೊಳ್ಳಲಿ?

ಉತ್ತರ: ಇನ್ನೂ ಮೂರ್ನಾಲ್ಕು ವರ್ಷ ತಡೆಯಿರಿ. ನಾಜಿಗಳಿಂದ ತಪ್ಪಿಸಿಕೊಳ್ಳಲು ಮನೆಯವರೊಂದಿಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಡಗಿದ್ದ ಯಹೂದಿ ಹುಡುಗಿಯ ಡೈರಿ ಇದು. 1942ರ ಜೂನ್ 12ರಂದು ಡೈರಿ ಶುರುವಾದಾಗ ಆನ್‌ಗೆ ಹದಿಮೂರು ತುಂಬಿತ್ತು. ಅಮ್ಮನ ಮೇಲಿನ ಸಿಟ್ಟು, ಮೈಯ ಬದಲಾವಣೆ, ಜೊತೆಗೆ ಅಡಗಿದ್ದ ಹುಡುಗ ಪೀಟರ್ ಮೇಲಿನ ಒಲವು ಆ ವಯಸ್ಸಿನವರಿಗೇ ತಟ್ಟುವುದು. 1947ರ ಮೊದಲ ಮುದ್ರಣದಲ್ಲಿ ತಂದೆ ಒಟ್ಟೊ ಫ್ರಾಂಕ್ ಇಂಥ ಕೆಲವು ಭಾಗ ಬಿಟ್ಟಿದ್ದರು. 1991ರ ವಿಸ್ತೃತ ಆವೃತ್ತಿಯಲ್ಲಿ ಅವು ಸೇರಿವೆ. ಹದಿಮೂರಕ್ಕೆ ವಿಸ್ತೃತವೇ ಇರಲಿ.

ಕೊಳ್ಳುವಾಗ ಕೊನೆಯ ಹಾಳೆ ತಿರುವಿ ನೋಡಿ. ಬರಹ 1944ರ ಆಗಸ್ಟ್ 1ಕ್ಕೆ ನಿಂತುಬಿಡುತ್ತದೆ, 4ರಂದು ಬಂಧನ. ಮುಂದೇನಾಯಿತೆಂಬ ಟಿಪ್ಪಣಿ ಇಲ್ಲದಿದ್ದರೆ ಓದುವ ಹುಡುಗಿ ನಡುನೀರಿನಲ್ಲಿ ಉಳಿಯುತ್ತಾಳೆ.

ಯಹೂದಿಗಳ ಮೊದಲ ಪರಿಚಯವೇ ಅವರ ಸಾವಿನ ಕತೆಯಿಂದ ಆಗುವುದು ಬೇಡ. ಅವರ ಮನೆ, ಹಬ್ಬ, ನಗು ಕಾಣದ ಮಗುವಿಗೆ ಏನು ಹಾಳಾಯಿತೆಂದು ಹೇಗೆ ಅರಿವಾಗಬೇಕು? ಐಸಾಕ್ ಬಾಶೆವಿಸ್ ಸಿಂಗರ್ ಪೂರ್ವ ಯೂರೋಪಿನ ಯಹೂದಿಗಳ ಆಡುಭಾಷೆಯಾದ ಯಿಡ್ಡಿಷ್‌ನಲ್ಲಿ ಬರೆದ ಏಳು ಕತೆಗಳ ಇಂಗ್ಲಿಷ್ ಅನುವಾದ ‘ಜ್ಲಾಟೆ ದ ಗೋಟ್’ (1966) ಈಗ ತನ್ನಿ. ಚಿತ್ರಗಳು ಮಾರಿಸ್ ಸೆಂಡಕ್ ಅವರವು. ಹನುಕ್ಕಾ ಹಬ್ಬದ ಖರ್ಚಿಗೆಂದು ಮೇಕೆಯನ್ನು ಕಟುಕನಿಗೆ ಹೊಡೆದುಕೊಂಡು ಹೊರಟ ಹುಡುಗ ಹಿಮಗಾಳಿಗೆ ಸಿಕ್ಕಿ ಮೂರು ದಿನ ಬಣವೆಯೊಳಗೆ ಉಳಿಯುತ್ತಾನೆ. ಮೇಕೆ ಬಣವೆಯನ್ನು ಮೇಯುತ್ತದೆ, ಅವನು ಮೇಕೆಯ ಹಾಲು ಕುಡಿಯುತ್ತಾನೆ. ಇನ್ನೊಂದು ಕತೆಯಲ್ಲಿ, ಯಹೂದಿ ಜನಪದದಲ್ಲಿ ಪೆದ್ದರ ಊರೆಂದು ಹೆಸರಾದ ಖೆಲ್ಮ್‌ನ ಹಿರಿಯರಿಗೆ ಹಿಮವೇ ಬೆಳ್ಳಿ. ಯಾರೂ ತುಳಿಯದಂತೆ ಮನೆಮನೆಗೆ ಹೇಳಿಬರಲು ಆಳನ್ನು ಕಳಿಸಬೇಕು. ಅವನೂ ತುಳಿಯಬಾರದಲ್ಲ, ಮೇಜಿನ ಮೇಲೆ ಕೂರಿಸಿ ನಾಲ್ವರು ಹೊರುತ್ತಾರೆ. ಗಟ್ಟಿಯಾಗಿ ಓದುತ್ತ ಇಲ್ಲೊಮ್ಮೆ ನಿಲ್ಲಿಸಿ, ಕಾಲುಗಳನ್ನು ಮಗಳೇ ಎಣಿಸಲಿ.

ಹತ್ತು ದಾಟಿದ ಮೇಲೆ ಲೋಯಿಸ್ ಲೌರಿ ಅವರ ‘ನಂಬರ್ ದ ಸ್ಟಾರ್ಸ್’ (1989). ನಾಜಿಗಳ ಹಿಡಿತದಲ್ಲಿದ್ದ 1943ರ ಕೋಪನ್‌ಹೇಗನ್‌ನಲ್ಲಿ ಯಹೂದಿ ಗೆಳತಿಯನ್ನು ಉಳಿಸುವ ಹುಡುಗಿಯ ಕತೆ. ಭಯವಿದೆ, ಕೈಹಿಡಿಯುವ ಜನವೂ ಇದ್ದಾರೆ.

ಪ್ರಶ್ನೆ: ಇಸ್ರೇಲಿನಿಂದ ತಂದ ಚಿತ್ರಪುಸ್ತಕದಲ್ಲಿ ಅಕ್ಷರದ ಕೆಳಗೆಲ್ಲ ಚುಕ್ಕಿ. ಅಲ್ಲಿನ ದಿನಪತ್ರಿಕೆಯಲ್ಲಿ ಇಲ್ಲ. ಏಕೆ?

ಉತ್ತರ: ಅವು ನಿಕೂದ್, ಸ್ವರದ ಗುರುತುಗಳು. ಹೀಬ್ರೂವಿನ 22 ಅಕ್ಷರಗಳು ಮೂಲತಃ ವ್ಯಂಜನಗಳು. ನಮ್ಮ ಕಾಗುಣಿತದ ಕೆಲಸವನ್ನು ಈ ಚುಕ್ಕಿ-ಗೆರೆಗಳು ಮಾಡುತ್ತವೆ. ಸಾಮೆಖ್, ಪೇ, ರೇಶ್ ಎಂಬ ಮೂರೇ ಅಕ್ಷರಗಳು ‘ಸೇಫೆರ್’ ಆದರೆ ಪುಸ್ತಕ, ‘ಸಪಾರ್’ ಆದರೆ ಕ್ಷೌರಿಕ. ದೊಡ್ಡವರು ವಾಕ್ಯ ನೋಡಿ ಹಿಡಿಯುತ್ತಾರೆ, ಮಕ್ಕಳಿಗೆ ಆಗದು. ಕಲಿಯುವವರು ಚುಕ್ಕಿಯಿರುವ ಪುಸ್ತಕವನ್ನೇ ಆರಿಸಿ. ರಟ್ಟು ಬಲದಿಂದ ತೆರೆಯುತ್ತದೆ. ನಮ್ಮ ಅಭ್ಯಾಸದಂತೆ ಎಡದಿಂದ ತೆರೆದರೆ ಮೊದಲು ಸಿಗುವುದು ಕತೆಯ ಕೊನೆ.